ಬೆಕ್ಕಿನ ಕೊರಳಪಟ್ಟಿ: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ನಾಯಿಯ ಕೊರಳಪಟ್ಟಿ ಎಷ್ಟು ಎಳೆದರೂ ಬಿಚ್ಚಬಾರದು. ಬೆಕ್ಕಿನ ಕೊರಳಪಟ್ಟಿ ಎಳೆತ ಒಂದು ಮಿತಿಯನ್ನು ದಾಟಿದೊಡನೆ ತಾನಾಗಿಯೇ ಬಿಚ್ಚಿಕೊಳ್ಳಬೇಕು. ಬೆಕ್ಕು ಮರ ಹತ್ತುತ್ತದೆ, ಬೇಲಿಯ ತಂತಿಗಳ ನಡುವೆ ನುಸುಳುತ್ತದೆ, ಕಿಟಕಿಯ ಸರಳುಗಳ ಸಂದಿಯಲ್ಲಿ ತೂರುತ್ತದೆ. ಪಟ್ಟಿ ಎಲ್ಲಾದರೂ ಸಿಕ್ಕಿಕೊಂಡಾಗ ಬಕಲ್ ಬಿಡದೆ ಹೋದರೆ ಬೆಕ್ಕು ಕೊರಳಿನಿಂದಲೇ ನೇತಾಡಬೇಕಾಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಜಗ್ಗಿ ನೋಡಿ "ಗಟ್ಟಿ ಇದೆ" ಎಂದು ಹೇಳಿ ಕೊಂಡು ತರುವುದು ಪರೀಕ್ಷೆಯಾಗುವುದಿಲ್ಲ. ಟೇಪು, ಹೊಲಿಗೆ, ರಿಂಗುಗಳು ವರ್ಷಗಟ್ಟಲೆ ಬಾಳಬೇಕು, ಬಕಲ್ ಮಾತ್ರ ಬೇಕಾದ ಕ್ಷಣದಲ್ಲಿ ಸೋಲಬೇಕು. ಯಾವ ಭಾಗದಿಂದ ಯಾವ ಗುಣವನ್ನು ನಿರೀಕ್ಷಿಸಬೇಕೆಂಬುದು ಸ್ಪಷ್ಟವಾದರೆ ದೋಷವನ್ನು ಹುಡುಕುವ ಕೆಲಸ ಅರ್ಧ ಮುಗಿದಂತೆ.

ನಾನು ಇದನ್ನು ಕಲಿತದ್ದು ತಡವಾಗಿ. ಉಡುಪಿ ಸಮೀಪದ ನಮ್ಮ ಮನೆಯಲ್ಲಿದ್ದ ಹೆಣ್ಣು ಬೆಕ್ಕಿಗೆ ಪೂರ್ತಿ ಎಲಾಸ್ಟಿಕ್ಕಿನ ಪಟ್ಟಿಯೊಂದನ್ನು ಹಾಕಿದ್ದೆ. ಹಿಗ್ಗುತ್ತದೆಯಾದ್ದರಿಂದ ಅಪಾಯವಿಲ್ಲವೆಂಬುದು ನನ್ನ ನಂಬಿಕೆಯಾಗಿತ್ತು. ಎರಡು ದಿನ ಕಾಣೆಯಾಗಿ ಮರಳಿ ಬಂದಾಗ ಅದರ ಒಂದು ಮುಂಗಾಲು ಪಟ್ಟಿಯೊಳಗೆ ತೂರಿಕೊಂಡು, ಕಂಕುಳಿನ ಚರ್ಮ ಹರಿದು ಹುಣ್ಣಾಗಿತ್ತು. ಹೊಲಿಗೆ ಹಾಕಿಸಿ ಗುಣವಾಗಲು ವಾರಗಳೇ ಹಿಡಿದವು. ಆ ಪಟ್ಟಿಯ ಹೊಲಿಗೆಯಾಗಲಿ ಬಣ್ಣವಾಗಲಿ ಸ್ವಲ್ಪವೂ ಕೆಟ್ಟಿರಲಿಲ್ಲ. ಬಾಳಿಕೆಯ ದೃಷ್ಟಿಯಿಂದ ಅದು ಉತ್ತಮ ಸರಕು, ಬೆಕ್ಕಿನ ದೃಷ್ಟಿಯಿಂದ ಕೆಟ್ಟ ಸರಕು.

ಪರೀಕ್ಷೆಗೆ ಮೊದಲು

ಪಟ್ಟಿಯನ್ನು ಬೆಕ್ಕಿನ ಕೊರಳಿನಿಂದ ತೆಗೆದು, ಹಗಲು ಬೆಳಕಿನಲ್ಲಿ, ಬಿಳಿ ಬಟ್ಟೆಯ ಮೇಲೆ ಬಿಡಿಸಿ ಹರಡಬೇಕು. ತೊಳೆಯುವ ಮುನ್ನವೇ ಒಮ್ಮೆ ನೋಡುವುದು ಒಳ್ಳೆಯದು, ಏಕೆಂದರೆ ಕೂದಲು ಎಲ್ಲಿ ಸಿಕ್ಕಿದೆ, ತುಕ್ಕಿನ ಕಲೆ ಎಲ್ಲಿಂದ ಹರಡಿದೆ, ಟೇಪಿನ ಒಳಮೈಯಲ್ಲಿ ಎಣ್ಣೆಜಿಡ್ಡು ಎಲ್ಲಿ ಕಟ್ಟಿದೆ ಎಂಬುದೆಲ್ಲ ತೊಳೆದ ಮೇಲೆ ತಿಳಿಯುವುದಿಲ್ಲ. ಬೇಕಾಗುವ ಸಾಮಗ್ರಿ ಮನೆಯಲ್ಲೇ ಇರುತ್ತದೆ: ಅಳತೆ ಟೇಪು, ಒಂದು ಅಯಸ್ಕಾಂತ, ಹಳೆಯ ಹಲ್ಲುಜ್ಜುವ ಬ್ರಷ್ಷು, ಬಿಳಿ ಹತ್ತಿ ಬಟ್ಟೆಯ ತುಂಡು, ಅರ್ಧ ಲೀಟರಿನ ಕೆಲವು ನೀರಿನ ಬಾಟಲಿಗಳು ಮತ್ತು ಒಂದು ಕೈಚೀಲ. ಬೆಕ್ಕಿನ ತೂಕವೂ ತಿಳಿದಿರಬೇಕು. ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಬಂದ ಅಂಕಿಯಲ್ಲಿ ನಿಮ್ಮ ತೂಕವನ್ನು ಕಳೆದರೆ ಸಾಕು.

ಬಕಲ್ ಬಿಚ್ಚಿಕೊಳ್ಳುತ್ತಿಲ್ಲ

ದೋಷಗಳಲ್ಲೆಲ್ಲ ಅತ್ಯಂತ ಅಪಾಯಕಾರಿ ಇದೇ, ಆದರೆ ಹೊರಗೆ ಯಾವ ಲಕ್ಷಣವನ್ನೂ ತೋರದಿರುವುದೂ ಇದೇ. ಟೇಪು ಹರಿದರೆ ಕಣ್ಣಿಗೆ ಬೀಳುತ್ತದೆ, ಗೆಜ್ಜೆ ಉದುರಿದರೆ ಕಿವಿಗೆ ತಿಳಿಯುತ್ತದೆ, ಬಿಚ್ಚಬೇಕಾದ ಬಕಲ್ ಬಿಚ್ಚುವುದಿಲ್ಲವೆಂಬುದು ಅವಘಡದ ದಿನದವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ನಿಮ್ಮ ದೂರು ಬೇರೆ ಯಾವುದೇ ಇದ್ದರೂ ಮೊದಲು ಈ ಪರೀಕ್ಷೆಯನ್ನೇ ಮಾಡಬೇಕು.

ನಿಮ್ಮ ಬಳಿ ಇರುವುದು ನಿಜಕ್ಕೂ ಎಳೆತಕ್ಕೆ ತಾನಾಗಿ ಬಿಡುವ ಸುರಕ್ಷತಾ ಬಕಲ್ ಹೌದೇ ಎಂಬುದು ಮೊದಲ ಪ್ರಶ್ನೆ. ಬೆಕ್ಕಿನದೆಂದು ಮಾರುವ ಅನೇಕ ಪಟ್ಟಿಗಳಲ್ಲಿ ಇರುವುದು ಶಾಲಾ ಚೀಲಗಳಲ್ಲಿರುವಂಥ, ಎರಡೂ ಬದಿಯನ್ನು ಬೆರಳಿನಿಂದ ಒತ್ತಿದರೆ ಮಾತ್ರ ಬಿಡುವ ಸಾಮಾನ್ಯ ಬಕಲ್. ಎರಡೂ ಹೊರನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ. ಬಕಲ್ಲನ್ನು ಬಿಚ್ಚಿದರೆ ಒಂದು ಅರ್ಧ ಕವಲು, ಅದು ತೂರಿಕೊಳ್ಳುವ ಇನ್ನೊಂದು ಅರ್ಧ ಗೂಡು; ಆ ಕವಲಿನ ತುದಿಗಳನ್ನು ಗಮನಿಸಿ. ಸಾಮಾನ್ಯ ಬಕಲ್ಲಿನಲ್ಲಿ ಕವಲಿನ ಭುಜ ಚೌಕವಾಗಿ, ಚೂಪಾದ ಮೂಲೆಯೊಂದಿಗೆ ಗೂಡಿನ ಅಂಚಿಗೆ ಕಚ್ಚಿಕೊಳ್ಳುವಂತಿರುತ್ತದೆ. ಸುರಕ್ಷತಾ ಬಕಲ್ಲಿನಲ್ಲಿ ಆ ಭುಜವನ್ನು ಇಳಿಜಾರಾಗಿಯೋ ದುಂಡಗಾಗಿಯೋ ಮಾಡಿರುತ್ತಾರೆ, ಎಳೆತ ಹೆಚ್ಚಿದಂತೆ ಅದು ಜಾರಿ ಹೊರಬರಲೆಂದೇ ಆ ಆಕಾರ. ಒತ್ತದೆ, ಎರಡು ತುದಿಗಳನ್ನು ಹಿಡಿದು ಎಳೆದಾಗ ಬಿಚ್ಚದಿದ್ದರೆ ಮುಂದಿನ ಪರೀಕ್ಷೆಯ ಅಗತ್ಯವಿಲ್ಲ, ಆ ಪಟ್ಟಿ ಬೆಕ್ಕಿಗೆ ಯೋಗ್ಯವಲ್ಲ. ತೂತು ಮತ್ತು ಮುಳ್ಳು ಇರುವ, ಸೊಂಟದ ಬೆಲ್ಟಿನ ಮಾದರಿಯ ಲೋಹದ ಬಕಲ್ಲಿಗೂ ಇದೇ ಮಾತು ಅನ್ವಯಿಸುತ್ತದೆ.

ಕೈಯಲ್ಲಿ ಎಳೆದಾಗ ಬಿಚ್ಚಿತೆಂದು ಅಲ್ಲಿಗೇ ನಿಲ್ಲಿಸುವುದು ತಪ್ಪು. ಪಟ್ಟಿ ಕೊರಳಲ್ಲಿರುವಾಗ ಒಂದು ಬಳೆಯಂತಿರುತ್ತದೆ. ಬಳೆಯ ಮೇಲ್ಭಾಗ ಕೊಂಬೆಗೆ ಸಿಕ್ಕಿ, ಕೆಳಭಾಗದಲ್ಲಿ ಬೆಕ್ಕಿನ ಭಾರ ತೂಗಿದಾಗ ಆ ಭಾರವನ್ನು ಎಡಬಲದ ಎರಡೂ ಬದಿಗಳು ಹಂಚಿಕೊಳ್ಳುತ್ತವೆ. ಬಕಲ್ ಇರುವುದು ಒಂದು ಬದಿಯಲ್ಲಿ ಮಾತ್ರ, ಹಾಗಾಗಿ ಅದರ ಪಾಲಿಗೆ ಬರುವುದು ಸುಮಾರು ಅರ್ಧ ಭಾರ. 4 ಕಿಲೋ ತೂಕದ ಬೆಕ್ಕು ಅಲುಗಾಡದೆ ತೂಗಿದರೆ ಬಕಲ್ಲಿನ ಮೇಲೆ ಬೀಳುವ ಎಳೆತ ಸುಮಾರು 2 ಕಿಲೋದಷ್ಟೇ. ನೇರವಾಗಿ ಎಳೆದಾಗ 3 ಕಿಲೋ ಭಾರಕ್ಕೆ ಬಿಚ್ಚುವ ಬಕಲ್, ಬಳೆಯಾಗಿದ್ದಾಗ ಬಿಚ್ಚಲು 6 ಕಿಲೋ ಭಾರ ಬೇಕಾಗುತ್ತದೆ. ಒದ್ದಾಡುವ ಬೆಕ್ಕಿನ ಜಗ್ಗಾಟದಿಂದ ಬಲ ಹೆಚ್ಚುತ್ತದೆಯಾದರೂ, ಸುಸ್ತಾದ ಅಥವಾ ಉಸಿರುಗಟ್ಟಿದ ಬೆಕ್ಕಿನಿಂದ ಅಂಥ ಜಗ್ಗಾಟವನ್ನು ನಿರೀಕ್ಷಿಸಲಾಗದು. ಅದಕ್ಕಾಗಿ ನಾನು ಸುಮ್ಮನೆ ತೂಗುವ ಭಾರವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ.

ಪರೀಕ್ಷೆ ಮಾಡುವ ಕ್ರಮ ಹೀಗೆ. ಪಟ್ಟಿಯನ್ನು ಬೆಕ್ಕಿನ ಕೊರಳಿನ ಅಳತೆಗೆ ಸರಿಹೊಂದಿಸಿ, ಬಕಲ್ ಹಾಕಿ, ಬಚ್ಚಲುಮನೆಯ ಟವೆಲ್ ಸರಳಿಗೆ ಬಳೆಯಂತೆ ತೂಗುಹಾಕಿ. ಬಳೆಯ ಕೆಳಭಾಗದಲ್ಲಿ ಕೈಚೀಲದ ಹಿಡಿಯನ್ನು ಸಿಕ್ಕಿಸಿ, ಚೀಲದೊಳಗೆ ಅರ್ಧ ಲೀಟರಿನ ತುಂಬಿದ ಬಾಟಲಿಗಳನ್ನು ಒಂದೊಂದಾಗಿ, ಕುಲುಕದೆ ಇಡುತ್ತಾ ಹೋಗಿ. ಒಂದು ಲೀಟರ್ ನೀರು ಒಂದು ಕಿಲೋ ಭಾರವಾದ್ದರಿಂದ ಲೆಕ್ಕ ಸುಲಭ. ಕೆಳಗೊಂದು ದಿಂಬು ಇರಲಿ. ಬೆಕ್ಕಿನ ತೂಕದ ಅರ್ಧದಿಂದ ಮುಕ್ಕಾಲರ ನಡುವೆ ಎಲ್ಲಾದರೂ ಬಕಲ್ ಬಿಟ್ಟರೆ ಆ ಪಟ್ಟಿಯನ್ನು ನಾನು ಒಪ್ಪುತ್ತೇನೆ. ಬೆಕ್ಕಿನ ಪೂರ್ತಿ ತೂಕ ಬಿದ್ದರೂ ಬಿಡದಿದ್ದರೆ ತಿರಸ್ಕರಿಸುತ್ತೇನೆ.

ಇದೇ ಪರೀಕ್ಷೆಯನ್ನು ಬಕಲ್ ಮೂರು ಜಾಗಗಳಲ್ಲಿರುವಂತೆ ತಿರುಗಿಸಿ ಮೂರು ಬಾರಿ ಮಾಡಬೇಕು: ಬಕಲ್ ಬದಿಯಲ್ಲಿದ್ದಾಗ, ಸರಳಿನ ಮೇಲೆಯೇ ಕುಳಿತಿದ್ದಾಗ, ಮತ್ತು ಚೀಲದ ಹಿಡಿಯ ಪಕ್ಕದಲ್ಲಿದ್ದಾಗ. ಬದಿಯಲ್ಲಿದ್ದಾಗ ಸುಲಭವಾಗಿ ಬಿಡುವ ಕೆಲವು ಬಕಲ್‌ಗಳು ಬಾಗಿದ ಜಾಗದಲ್ಲಿ ಎಳೆತ ಓರೆಯಾದಾಗ ಕಚ್ಚಿಕೊಂಡು ಕೂರುತ್ತವೆ. ನಿಜವಾದ ಅವಘಡದಲ್ಲಿ ಎಳೆತ ಯಾವ ದಿಕ್ಕಿನಿಂದ ಬರುತ್ತದೆಂದು ಮೊದಲೇ ಹೇಳಲಾಗುವುದಿಲ್ಲ, ಆದ್ದರಿಂದ ಮೂರರಲ್ಲಿ ಒಂದು ಕಡೆ ಬಿಡದಿದ್ದರೂ ಆ ಬಕಲ್ ಪರೀಕ್ಷೆಯಲ್ಲಿ ಸೋತಂತೆಯೇ.

ಹೊಸದಾಗಿದ್ದಾಗ ಬಿಡುತ್ತಿದ್ದ ಬಕಲ್ ಈಗ ಬಿಡುತ್ತಿಲ್ಲವೆಂದಾದರೆ ಗೂಡಿನೊಳಗೆ ಕೂದಲು, ಮರಳು ಅಥವಾ ಒಣಗಿದ ಮೀನು-ಅನ್ನದ ಅಂಟು ಸೇರಿರುವ ಸಾಧ್ಯತೆ ಹೆಚ್ಚು. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬ್ರಷ್ಷಿನಿಂದ ಗೂಡಿನ ಒಳಮೂಲೆಗಳನ್ನು ಉಜ್ಜಿ, ಪೂರ್ತಿ ಒಣಗಿಸಿದ ಮೇಲೆ ಪರೀಕ್ಷೆಯನ್ನು ಮತ್ತೆ ಮಾಡಿ. ಸರಾಗವಾಗಲೆಂದು ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ ಬೇಡ. ಎಣ್ಣೆಗೆ ಧೂಳು ಅಂಟಿ, ಕೆಲವೇ ದಿನಗಳಲ್ಲಿ ಬಕಲ್ ಮೊದಲಿಗಿಂತ ಬಿಗಿಯಾಗುತ್ತದೆ.

ಮರಿಗಳ ವಿಷಯದಲ್ಲಿ ಈ ಲೆಕ್ಕ ಕಷ್ಟವಾಗುತ್ತದೆ. ಒಂದೂವರೆ ಕಿಲೋದ ಮರಿ ತೂಗಿದರೆ ಬಕಲ್ಲಿಗೆ ಬೀಳುವುದು ಮುಕ್ಕಾಲು ಕಿಲೋದಷ್ಟು ಎಳೆತ. ದೊಡ್ಡ ಬೆಕ್ಕಿಗೆಂದು ಮಾಡಿದ ಬಕಲ್ ಅಷ್ಟಕ್ಕೆ ಬಿಡುವುದು ಅಪರೂಪ. ಮರಿಯ ತೂಕಕ್ಕೆ ಪರೀಕ್ಷೆಯಲ್ಲಿ ಗೆದ್ದ ಪಟ್ಟಿ ಸಿಗುವವರೆಗೆ ಮರಿಯ ಕೊರಳು ಬರಿದಾಗಿರುವುದೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಕಲ್ ಪದೇ ಪದೇ ಬಿಚ್ಚಿ ಪಟ್ಟಿ ಕಳೆದುಹೋಗುತ್ತಿದೆ

ಅಂಗಡಿಗೆ ದೂರು ಹೋಗುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಆದರೆ ಇದು ದೋಷವೋ ಅಥವಾ ಬಕಲ್ ತನ್ನ ಕೆಲಸವನ್ನು ಮಾಡುತ್ತಿರುವುದೋ ಎಂದು ಮೊದಲು ತೀರ್ಮಾನಿಸಬೇಕು. ಬಿದ್ದ ಪಟ್ಟಿ ಪ್ರತಿ ಬಾರಿಯೂ ಒಂದೇ ಬೇಲಿಯ ಬುಡದಲ್ಲಿ ಸಿಕ್ಕಿದರೆ ಅಲ್ಲಿ ಮುಳ್ಳೋ ತಂತಿಯ ತುದಿಯೋ ಕೊರಳನ್ನು ಹಿಡಿಯುತ್ತಿದೆ ಎಂದರ್ಥ. ಸರಿಪಡಿಸಬೇಕಾದದ್ದು ಬೇಲಿ, ಬಕಲ್ಲಲ್ಲ. ಮನೆಯೊಳಗೆ, ಮಲಗುವ ಜಾಗದಲ್ಲಿ, ಊಟದ ತಟ್ಟೆಯ ಬಳಿ ಹೀಗೆ ಎಲ್ಲೆಂದರಲ್ಲಿ ಬಿದ್ದರೆ ದೋಷ ಪಟ್ಟಿಯಲ್ಲಿದೆ. ಕವಲಿನ ಬುಡದಲ್ಲಿ ಪ್ಲಾಸ್ಟಿಕ್ ಬೆಳ್ಳಗಾಗಿದೆಯೇ ನೋಡಿ. ಬಣ್ಣದ ಪ್ಲಾಸ್ಟಿಕ್ ಮೇಲೆ ಕಾಣುವ ಆ ಬಿಳಿ ಗೆರೆ ಪದೇ ಪದೇ ಬಾಗಿದ್ದರಿಂದ ಆದ ದಣಿವಿನ ಗುರುತು, ಬಿರುಕು ಹುಟ್ಟುವುದು ಅಲ್ಲಿಂದಲೇ. ಅದಿಲ್ಲದಿದ್ದರೆ ಪಟ್ಟಿ ಸಡಿಲವಾಗಿದ್ದು, ಕೆರೆದುಕೊಳ್ಳುವಾಗ ಹಿಂಗಾಲಿನ ಉಗುರು ಸಿಕ್ಕಿ ಬಿಚ್ಚುತ್ತಿರಬಹುದು; ಅಥವಾ ದೊಡ್ಡ ಬಿಲ್ಲೆ, ಸ್ಥಳಸೂಚಕ ಯಂತ್ರ ಮುಂತಾದ ಭಾರವನ್ನು ತೂಗಿಬಿಟ್ಟಿರಬಹುದು.

ಒಳ್ಳೆಯ ಪಟ್ಟಿಯೂ ಕಳೆಯುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡಿರಬೇಕು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ 538 ಬೆಕ್ಕುಗಳಿಗೆ ಮೂರು ಬಗೆಯ ಕೊರಳಪಟ್ಟಿಗಳನ್ನು ಹಾಕಿ ಆರು ತಿಂಗಳು ಗಮನಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅದರಲ್ಲಿ ಯಶಸ್ವಿಯಾಗಿ ಪಟ್ಟಿ ಧರಿಸಿದ್ದವು 391 ಬೆಕ್ಕುಗಳು, ಅಂದರೆ ಶೇಕಡಾ 73ರ ಆಸುಪಾಸು. 18 ಬೆಕ್ಕುಗಳ ಪಟ್ಟಿ ಮುಂಗಾಲಿಗೋ ಬಾಯಿಗೋ ಬೇರೆ ವಸ್ತುವಿಗೋ ಸಿಕ್ಕಿಕೊಂಡಿತ್ತು. ಕಳೆಯುವ ಸಾಧ್ಯತೆಗೆ ಮನೆಯಲ್ಲೊಂದು ಹೆಚ್ಚುವರಿ ಪಟ್ಟಿಯೂ ಬೆಕ್ಕಿನ ಚರ್ಮದಡಿ ಗುರುತಿನ ಸಂಖ್ಯೆಯಿರುವ ಮೈಕ್ರೋಚಿಪ್ಪೂ ಪರಿಹಾರ. ಬಕಲ್ಲಿಗೆ ದಾರ ಸುತ್ತಿ ಬಿಗಿಮಾಡುವುದು ಎಂದಿಗೂ ಪರಿಹಾರವಲ್ಲ.

ಪಟ್ಟಿ ದಿನದಿನಕ್ಕೆ ಸಡಿಲವಾಗುತ್ತಿದೆ

ಅಳತೆ ಸರಿಪಡಿಸುವ ಸ್ಲೈಡರ್ ಜಾರುತ್ತಿದೆಯೇ ಎಂದು ತಿಳಿಯಲು ಸ್ಲೈಡರಿನ ಅಂಚಿಗೆ ಹೊಂದಿಕೊಂಡಂತೆ ಟೇಪಿನ ಮೇಲೆ ಬಣ್ಣದ ದಾರದ ಒಂದು ಸಣ್ಣ ಹೊಲಿಗೆ ಹಾಕಿ, ಮೂರು ದಿನದ ನಂತರ ನೋಡಿ. ಅರ್ಧ ಸೆಂಟಿಮೀಟರ್ ಸರಿದಿದ್ದರೂ ದೋಷವಿದೆಯೆಂದೇ ತಿಳಿಯಬೇಕು. ಸ್ಲೈಡರಿನ ನಡುಗಂಬಿ ನುಣುಪಾಗಿರುವುದು, ಅದರ ಸಂದಿ ಟೇಪಿನ ದಪ್ಪಕ್ಕಿಂತ ಅಗಲವಾಗಿರುವುದು, ಅಥವಾ ಟೇಪೇ ಸ್ಯಾಟಿನ್‌ನಂತೆ ಜಾರುವಂಥದ್ದಾಗಿರುವುದು, ಈ ಮೂರರಲ್ಲಿ ಒಂದು ಕಾರಣವಾಗಿರುತ್ತದೆ. ಟೇಪನ್ನು ಹೊರತೆಗೆದು ಸರಿಯಾಗಿ ಮರುಪೋಣಿಸಿದಾಗ ಕೆಲವೊಮ್ಮೆ ಸರಿಹೋಗುತ್ತದೆ. ಆಗದಿದ್ದರೆ ಬೆಳವಣಿಗೆ ನಿಂತ ದೊಡ್ಡ ಬೆಕ್ಕಿನ ಪಟ್ಟಿಯಾದರೆ ಮಾತ್ರ ಸ್ಲೈಡರಿನ ಪಕ್ಕ ಎರಡು ಅಡ್ಡಹೊಲಿಗೆ ಹಾಕಿಸಬಹುದು.

ಸಡಿಲ ಪಟ್ಟಿ ಬಿಗಿ ಪಟ್ಟಿಯಷ್ಟೇ ಅಪಾಯಕಾರಿ. ಮೈ ನೆಕ್ಕುವಾಗ ಕೆಳದವಡೆ ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಇಳಿಯುವಾಗ ಮುಂಗಾಲು ತೂರುತ್ತದೆ. ದೊಡ್ಡ ಬೆಕ್ಕಿಗೆ ಪಟ್ಟಿ ಮತ್ತು ಕೊರಳಿನ ನಡುವೆ ಎರಡು ಬೆರಳು, ಮರಿಗೆ ಒಂದು ಬೆರಳು ಹಿಡಿಯಬೇಕು. ಹಾಕುವಾಗ ಬೆಕ್ಕು ಗಾಬರಿಯಿಂದ ಕೊರಳನ್ನು ಬಿಗಿಹಿಡಿಯುವುದುಂಟು, ಆದ್ದರಿಂದ ಹತ್ತು ನಿಮಿಷದ ನಂತರ ಅದು ಶಾಂತವಾದಾಗ ಅಳತೆಯನ್ನು ಮತ್ತೊಮ್ಮೆ ನೋಡಬೇಕು. ಬೆಳೆಯುವ ಮರಿಯಾದರೆ ವಾರಕ್ಕೊಮ್ಮೆ ನೋಡಬೇಕು.

ಟೇಪು ಎಳೆಬಿಡುತ್ತಿದೆ, ಮಾಸುತ್ತಿದೆ, ಒರಟಾಗುತ್ತಿದೆ

ಇಲ್ಲಿ ಟೇಪು ಯಾವುದರಿಂದ ಆದದ್ದೆಂದು ತಿಳಿದರೆ ಕಾರಣವೂ ತಿಳಿಯುತ್ತದೆ. ಚೀಟಿಯ ಮೇಲೆ ಎಲ್ಲವನ್ನೂ ನೈಲಾನ್ ಎಂದೇ ಬರೆದಿರುತ್ತಾರೆ. ಟೇಪಿನ ತುದಿಯಿಂದ ಒಂದಷ್ಟು ಎಳೆಗಳನ್ನು ಕತ್ತರಿಸಿ, ಒಂದು ಹನಿ ಸಾಬೂನು ಬೆರೆಸಿದ ನೀರಿನ ಲೋಟಕ್ಕೆ ಹಾಕಿ, ಗಾಳಿಯ ಗುಳ್ಳೆ ಬಿಡುವಂತೆ ಬೆರಳಿನಿಂದ ಅದುಮಿ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಅದು ತೇಲುತ್ತದೆ. ನೈಲಾನ್, ಪಾಲಿಯೆಸ್ಟರ್ ಎರಡೂ ಮುಳುಗುತ್ತವೆ. ತೇಲಿದರೆ ನಿಮ್ಮದು ಅಗ್ಗದ ಟೇಪು. ಬಿಸಿಲಿನಿಂದ ಕಾಯುವ ರಾಸಾಯನಿಕ ಬೆರೆಸದ ಪಾಲಿಪ್ರೊಪಿಲೀನ್ ಬಿಸಿಲಿಗೆ ಬೇಗ ಒರಟಾಗಿ ಪುಡಿಯುದುರುತ್ತದೆ. ಮುಳುಗಿದವುಗಳಲ್ಲಿ ನೈಲಾನ್ ಸವೆತಕ್ಕೆ ಚೆನ್ನಾಗಿ ತಡೆಯುತ್ತದೆ, ಆದರೆ ನೀರನ್ನು ಹೀರುತ್ತದೆ. ಪಾಲಿಯೆಸ್ಟರ್ ಹೀರುವುದು ಬಹಳ ಕಡಿಮೆ, ಬಿಸಿಲನ್ನೂ ಹೆಚ್ಚು ತಾಳುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಕರಾವಳಿ, ಮಲೆನಾಡುಗಳಿಗೆ ನಾನು ಪಾಲಿಯೆಸ್ಟರನ್ನೇ ಶಿಫಾರಸು ಮಾಡುತ್ತೇನೆ, ಏಕೆಂದರೆ ಒದ್ದೆಯಾದ ಪಟ್ಟಿ ಕೊರಳಿಗೆ ಅಂಟಿಕೊಂಡಿದ್ದರೆ ಚರ್ಮಕ್ಕೆ ತೊಂದರೆಯಾಗಬಹುದು. ಹತ್ತಿಯದು ಮೃದು, ಆದರೆ ನಿಧಾನವಾಗಿ ಒಣಗುತ್ತದೆ, ಬೂಸ್ಟು ಹಿಡಿಯುತ್ತದೆ.

ಚರ್ಮದ ಪಟ್ಟಿಯೆಂದು ಮಾರಿದ್ದು ಸುಲಿಯುತ್ತಿದ್ದರೆ ಕತ್ತರಿಸಿದ ಅಂಚನ್ನು ನೋಡಿ. ಮೇಲೊಂದು ತೆಳುಪದರ, ಕೆಳಗೆ ಬಟ್ಟೆಯ ನೇಯ್ಗೆ ಕಂಡರೆ ಅದು ರೆಕ್ಸಿನ್. ಸುಲಿತ ಅದರ ಸ್ವಭಾವ, ದುರಸ್ತಿ ಇಲ್ಲ.

ಬಣ್ಣ ಬಿಡುತ್ತಿದೆಯೆಂಬ ಶಂಕೆಯಿದ್ದರೆ ಒದ್ದೆ ಮಾಡಿ ಹಿಂಡಿದ ಬಿಳಿ ಹತ್ತಿ ಬಟ್ಟೆಯಿಂದ ಟೇಪನ್ನು ಹತ್ತು ಬಾರಿ ಉಜ್ಜಿ. ಮಸುಕಾದ ಕಲೆ ಬಂದರೆ ಎರಡು ಬಾರಿ ತೊಳೆದು ಮತ್ತೆ ಉಜ್ಜಬೇಕು. ಆಗಲೂ ಕಲೆ ಬಂದರೆ ಆ ಬಣ್ಣ ನೆಕ್ಕುವ ಬೆಕ್ಕಿನ ಹೊಟ್ಟೆ ಸೇರುತ್ತದೆಯಾದ್ದರಿಂದ ಪಟ್ಟಿಯನ್ನು ಬಿಡುವುದು ಒಳಿತು. ಟೇಪಿನ ಅಂಚನ್ನು, ಮುಖ್ಯವಾಗಿ ಕಾಯಿಸಿ ಕರಗಿಸಿದ ತುದಿಯನ್ನು, ನಿಮ್ಮ ಮುಂಗೈಯ ಒಳಮೈಗೆ ಉಜ್ಜಿ ನೋಡಿ. ನಿಮಗೆ ಗೀರಿದಂತಾದರೆ ಬೆಕ್ಕಿಗೂ ಗೀರುತ್ತದೆ.

ಹೊಲಿಗೆ ಬಿಡುತ್ತಿದೆ

ಪಟ್ಟಿಯನ್ನು ತಿರುಗಿಸಿ ಹಿಂಬದಿಯ ಹೊಲಿಗೆಯನ್ನೇ ನೋಡಬೇಕು. ಅಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಸಡಿಲವಾಗಿದ್ದರೆ ಯಂತ್ರದ ಬಿಗಿ ಸರಿಯಿರಲಿಲ್ಲ. ಅಂಥ ಕುಣಿಕೆಗೆ ಬೆಕ್ಕಿನ ಉಗುರು ಒಮ್ಮೆ ಸಿಕ್ಕಿದರೆ ಇಡೀ ಸಾಲು ಬಿಚ್ಚಿಬರುತ್ತದೆ. ರಿಂಗು ಮತ್ತು ಬಕಲ್ಲಿನ ಬುಡದಲ್ಲಿ ಒಂದೇ ಸಾಲಿನ ಹೊಲಿಗೆಗಿಂತ, ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿದ ಅಡ್ಡಪಟ್ಟಿಯಂಥ ಹೊಲಿಗೆ ಬಾಳುತ್ತದೆ. ಟೇಪು ಗಟ್ಟಿಯಿದ್ದು ದಾರ ಮಾತ್ರ ಕೊಳೆತಿದ್ದರೆ ಹತ್ತಿಯ ದಾರ ಬಳಸಿದ್ದಾರೆ ಎಂದರ್ಥ. ಬ್ಯಾಗು ಹೊಲಿಯುವವರ ಬಳಿ ಪಾಲಿಯೆಸ್ಟರ್ ದಾರದಲ್ಲಿ ಮರುಹೊಲಿಸಿದರೆ ಪಟ್ಟಿ ಇನ್ನೂ ವರ್ಷಗಟ್ಟಲೆ ಬರುತ್ತದೆ. ಹೊಲಿಸಿ ತಂದ ಮೇಲೆ ನೀರಿನ ಬಾಟಲಿಯ ಪರೀಕ್ಷೆಯನ್ನು ಮತ್ತೆ ಮಾಡದೆ ಬೆಕ್ಕಿಗೆ ಹಾಕಬೇಡಿ. ಬಕಲ್ಲಿನ ಬುಡದ ಟೇಪು ಗಿಡ್ಡವಾಗಿ ಅದು ಓರೆಯಾಗಿ ಕುಳಿತಿದ್ದರೆ ಬಿಡುವ ಬಲವೇ ಬದಲಾಗಿರುತ್ತದೆ.

ಗೆಜ್ಜೆ ಸದ್ದು ಮಾಡುತ್ತಿಲ್ಲ, ರಿಂಗು ತುಕ್ಕು ಹಿಡಿದಿದೆ

ಅಯಸ್ಕಾಂತ ಹಿಡಿದರೆ ಒಳಗೆ ಕಬ್ಬಿಣವಿದೆ, ಹೊರಗಿನ ಹೊಳಪು ಬರಿಯ ಲೇಪ. ಸಮುದ್ರದ ಉಪ್ಪುಗಾಳಿಗೆ ಲೇಪ ಒಂದೆಡೆ ಬಿರಿದರೂ ತುಕ್ಕು ಒಳಗಿನಿಂದ ಹರಡಿ, ಗೆಜ್ಜೆಯೊಳಗಿನ ಗುಂಡು ಅಂಟಿಕೊಂಡು ಸದ್ದು ನಿಲ್ಲುತ್ತದೆ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಕರಾವಳಿಗೆ ಅದೇ ಸರಿ. ಗೆಜ್ಜೆಯ ಸೀಳು ಉಗುರಿನ ತುದಿ ಹೋಗುವಷ್ಟು ಅಗಲವಿದ್ದರೆ ಬದಲಿಸಿ, ಕೆರೆದುಕೊಳ್ಳುವಾಗ ಉಗುರು ಅಲ್ಲಿ ಸಿಕ್ಕಿ ಮುರಿಯುತ್ತದೆ. ಹೆಸರಿನ ಬಿಲ್ಲೆಯನ್ನು ಬಾಗಿಸಿದ ಕೊಕ್ಕೆಯಲ್ಲಿ ತೂಗಿಸಿದ್ದರೆ ಅದರ ಬದಲು ಬೀಗದಕೈಗೆ ಹಾಕುವಂಥ ಸುರುಳಿ ರಿಂಗಿನ ಚಿಕ್ಕದನ್ನು ಹಾಕಿ. ಬಾಯಿ ತೆರೆದ ಕೊಕ್ಕೆ ಹೆಣಿಗೆಗೂ ಪರದೆಗೂ ಸಿಗುತ್ತದೆ.

ಕೊರಳಿನ ಚರ್ಮ ಹೇಳುವುದು

ಪಟ್ಟಿಯಲ್ಲಿ ಕಾಣದ ದೋಷವನ್ನು ಕೆಲವೊಮ್ಮೆ ಕೊರಳು ತೋರಿಸುತ್ತದೆ. ಕೂದಲು ಸುತ್ತಲೂ ಒಂದೇ ಸಮನೆ ಉದುರಿದ್ದರೆ ಟೇಪಿನ ಉಜ್ಜುವಿಕೆ, ಬಿಗಿತ ಅಥವಾ ಬಣ್ಣ ಕಾರಣ. ಬಕಲ್ ಇಲ್ಲವೇ ಗೆಜ್ಜೆಯ ಕೆಳಗೆ ಮಾತ್ರ ಕೆಂಪಾಗಿದ್ದರೆ ಆ ಭಾಗದ ಅಂಚು ಅಥವಾ ಲೋಹ ಕಾರಣ. ನಿಕ್ಕಲ್ ಲೇಪ ಕೆಲವು ಪ್ರಾಣಿಗಳ ಚರ್ಮಕ್ಕೆ ಆಗಿಬರುವುದಿಲ್ಲ. ಕೂದಲಿನ ಬುಡದಲ್ಲಿ ಕರಿಯ ಚುಕ್ಕೆಗಳಿದ್ದರೆ ಅವನ್ನು ಒದ್ದೆಯಾದ ಬಿಳಿ ಕಾಗದದ ಮೇಲೆ ಉದುರಿಸಿ. ಚುಕ್ಕೆಯ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅದರಲ್ಲಿರುವುದು ಜೀರ್ಣವಾದ ರಕ್ತ. ಆಗ ಪಟ್ಟಿಯನ್ನು ದೂರಿ ಫಲವಿಲ್ಲ. ಚಿಗಟಕ್ಕೆಂದು ಮದ್ದು ಸೇರಿಸಿದ ಪಟ್ಟಿಯನ್ನು ಪಶುವೈದ್ಯರನ್ನು ಕೇಳಿಯೇ ಹಾಕಬೇಕು. ನಾಯಿಗೆಂದು ಮಾಡಿದ್ದನ್ನು ಬೆಕ್ಕಿಗೆ ಹಾಕಲೇಬಾರದು, ನಾಯಿಯ ಮದ್ದುಗಳಲ್ಲಿ ಬಳಸುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಕಂಕುಳಿನಲ್ಲಿ ಗಾಯವಿದ್ದರೆ, ಅಥವಾ ಪಟ್ಟಿ ಚರ್ಮದೊಳಗೆ ಹೂತಂತಿದ್ದರೆ, ಮನೆಯಲ್ಲಿ ಎಳೆದು ತೆಗೆಯುವ ಪ್ರಯತ್ನ ಮಾಡದೆ ಅಂದೇ ಪಶುವೈದ್ಯರ ಬಳಿಗೆ ಒಯ್ಯಬೇಕು.

ಹೊರಗೆ ಹೋಗಿ ಬರುವ ಬೆಕ್ಕಿನ ಪಟ್ಟಿಗೆ ನಾನು ತಿಂಗಳಿಗೊಮ್ಮೆ ಬಾಟಲಿ ಪರೀಕ್ಷೆ ಮಾಡುತ್ತೇನೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ. ಪರೀಕ್ಷೆಯಲ್ಲಿ ಸೋತ ಪಟ್ಟಿಯನ್ನು ಹಾಗೆಯೇ ಕಸಕ್ಕೆ ಹಾಕುವುದಿಲ್ಲ. ಯಾರೋ ಎತ್ತಿಕೊಂಡು ಇನ್ನೊಂದು ಬೆಕ್ಕಿಗೆ ಹಾಕಬಹುದು, ಕಸದ ರಾಶಿಯಲ್ಲಿ ಯಾವುದಾದರೂ ಪ್ರಾಣಿಯ ಮೂತಿ ಆ ಬಳೆಯೊಳಗೆ ಸಿಕ್ಕಬಹುದು. ಟೇಪನ್ನು ಎರಡು ಮೂರು ಕಡೆ ಕತ್ತರಿಸಿ, ಬಕಲ್ಲನ್ನು ಮುರಿದು, ಆಮೇಲೆ ಎಸೆಯುತ್ತೇನೆ.